ಒಂದೇ ಹಗಲಲ್ಲಿ ಹೊಸ್ತಿಲು ಬದಲಾಯಿಸಿದ್ದು

ಮುಂಬಾಗಿಲ ಬಲಗಡೆ ಕದ ನೆಲಕ್ಕೆ ಉಜ್ಜಲು ಶುರುವಾಗಿ ಎರಡು ವರ್ಷವಾಗಿತ್ತು. ಮೊದಲ ಸಲ ಮಳೆಗೆ ಮರ ಉಬ್ಬಿದೆ ಎಂದುಕೊಂಡು ಕದದ ಕೆಳಗಂಚನ್ನು ತೋಪಡಾ ಹಾಕಿ ಹೆರೆದೆ. ಎರಡನೇ ಸಲವೂ ಅದನ್ನೇ ಮಾಡಿದೆ. ಹೋದ ಡಿಸೆಂಬರಿನಲ್ಲಿ ಮಳೆ ನಿಂತು ತಿಂಗಳಾದ ಮೇಲೂ ಕದ ಉಜ್ಜುತ್ತಿತ್ತು. ಚಿಲಕ ತನ್ನ ತೂತಿಗಿಂತ ಅರ್ಧ ಬೆರಳು ಕೆಳಗೆ ಬರುತ್ತಿತ್ತು. ಆಗ ಕದ ಬಿಟ್ಟು ಬಾಗಿಲವಾಡ, ಅಂದರೆ ಕದ ಕೂರುವ ಚೌಕಟ್ಟು, ನೋಡಿದೆ. ಬಲಗಡೆ ಕಂಬದ ಬುಡಕ್ಕೆ ಸ್ಕ್ರೂಡ್ರೈವರ್ ಒತ್ತಿದರೆ ಮೂರು ಇಂಚು ಸಲೀಸಾಗಿ ಒಳಗೆ ಹೋಯಿತು. ಮೇಲೆ ಬಣ್ಣ ಚೆನ್ನಾಗಿಯೇ ಇತ್ತು. ಬಣ್ಣದ ಹಿಂದೆ ಮರ ಇರಲಿಲ್ಲ.

ಹೊಸ್ತಿಲನ್ನು ಕೊಡತಿಯಿಂದ ತಟ್ಟಿದೆ. ಎಡದಿಂದ ಬಲಕ್ಕೆ ಹೋದಂತೆ ಸದ್ದು ಬದಲಾಗುತ್ತಾ ಹೋಗಿ, ಬಲ ತುದಿಯಲ್ಲಿ ಖಾಲಿ ಡಬ್ಬದ ಹಾಗೆ ಕೇಳಿಸಿತು.

ನಮ್ಮದು ಶಿಡ್ಲಘಟ್ಟದ ಹತ್ತಿರದ ಹಳ್ಳಿ. ತಾತನ ಕಾಲದ ಕಲ್ಲುಚಪ್ಪಡಿ ಮನೆ. ಗೋಡೆ ಕಲ್ಲು, ಗಾರೆ ಮಣ್ಣಿನದು, ಮೇಲೆ ಹಾಸುಗಲ್ಲು. ಬಾಗಿಲವಾಡ ಮತ್ತು ಹೊಸ್ತಿಲು ಹಲಸಿನ ಮರದ್ದು. ಅಮ್ಮ ದಿನಾ ಬೆಳಗ್ಗೆ ಹೊಸ್ತಿಲು ತೊಳೆದು ಅರಿಶಿನ ಬಳಿದು, ಕುಂಕುಮ ಇಟ್ಟು, ಎರಡೆಳೆ ರಂಗೋಲಿ ಬಿಡುತ್ತಾರೆ. ಅವರಿಗಿಂತ ಮುಂಚೆ ಅಜ್ಜಿ ಅದನ್ನೇ ಮಾಡುತ್ತಿದ್ದರು. ನೋಡಿದವರೆಲ್ಲ ಹೇಳಿದ್ದು ಒಂದೇ ಮಾತು: ದಿನಾ ನೀರು ಹಾಕಿದರೆ ಮರ ಕೊಳೆಯದೆ ಇರುತ್ತಾ? ನನಗೆ ಈ ಮಾತು ಒಪ್ಪಿಗೆಯಾಗಲಿಲ್ಲ. ಅಜ್ಜಿ ನಲವತ್ತು ವರ್ಷ ನೀರು ಹಾಕಿದಾಗ ಕೊಳೆಯದ ಮರ ಈಗ ಹತ್ತೇ ವರ್ಷದಲ್ಲಿ ಯಾಕೆ ಕೊಳೆಯಿತು?

ಉತ್ತರ ಸಿಕ್ಕಿದ್ದು ನೀರಿನ ಟ್ಯೂಬಿನಲ್ಲಿ. ಹತ್ತು ವರ್ಷದ ಹಿಂದೆ ಅಂಗಳಕ್ಕೆ ಸಿಮೆಂಟ್ ಹಾಕಿಸಿದ್ದೆವು. ಪಾರದರ್ಶಕ ಟ್ಯೂಬಿನಲ್ಲಿ ನೀರು ತುಂಬಿ ಮಟ್ಟ ಹಿಡಿದೆ. ಬಾಗಿಲ ಬುಡದಿಂದ ಚರಂಡಿ ಕಡೆಗೆ ಏಳು ಅಡಿ ದೂರ. ಅಷ್ಟು ದೂರಕ್ಕೆ ಒಂದೂವರೆ ಇಂಚಾದರೂ ಹೊರಕ್ಕೆ ಇಳಿಜಾರು ಇರಬೇಕು. ಇಲ್ಲಿ ಬಾಗಿಲ ಬುಡವೇ ಒಂದು ಸೆಂಟಿಮೀಟರ್ ತಗ್ಗಿತ್ತು, ಅದರಲ್ಲೂ ಬಲಗಡೆ. ಇನ್ನೊಂದು ತಪ್ಪು ಇದಕ್ಕಿಂತ ಕೆಟ್ಟದ್ದು. ಚೆನ್ನಾಗಿ ಕಾಣಲಿ ಎಂದು ಕಂಬಗಳ ಬುಡಕ್ಕೂ ಹೊಸ್ತಿಲಿನ ಮುಂದಕ್ಕೂ ಸಿಮೆಂಟ್ ಮೆತ್ತಿದ್ದರು. ಮರ ಒಣಗಿದಾಗ ಕುಗ್ಗುತ್ತದೆ, ಸಿಮೆಂಟ್ ಕುಗ್ಗುವುದಿಲ್ಲ. ನಡುವೆ ಕೂದಲೆಳೆಯಷ್ಟು ಸಂದು ಬೀಳುತ್ತದೆ. ಅದರೊಳಗೆ ಇಳಿದ ನೀರಿಗೆ ಹೊರಗೆ ಬರಲು ದಾರಿ ಇಲ್ಲ. ಮೊದಲು ಹೊಸ್ತಿಲು ಬರೀ ಕಲ್ಲಿನ ಮೇಲೆ ಕೂತಿತ್ತು. ಬೆಳಗ್ಗೆ ಹಾಕಿದ ನೀರು ಹರಿದುಹೋಗಿ, ಮಧ್ಯಾಹ್ನದ ಹೊತ್ತಿಗೆ ಮರ ಒಣಗುತ್ತಿತ್ತು. ಸಿಮೆಂಟ್ ಬಂದ ಮೇಲೆ ಅದು ಒಣಗಲೇ ಇಲ್ಲ. ಮರದೊಳಗಿನ ತೇವ ನೂರಕ್ಕೆ ಇಪ್ಪತ್ತು ದಾಟಿ ಹಾಗೇ ನಿಂತರೆ ಬೂಷ್ಟು ಹಿಡಿದು ಕೊಳೆಯಲು ಶುರುವಾಗುತ್ತದೆ. ಹಸಿ ಮರಕ್ಕೆ ಗೆದ್ದಲು ಹಿಂದೆಯೇ ಬರುತ್ತದೆ.

ಹಾಗಾಗಿ ನಾನು ಮಾಡಬೇಕಾದ ಕೆಲಸ ಸ್ಪಷ್ಟವಾಯಿತು. ಅಮ್ಮ ನೀರು ಹಾಕುವುದು ನಿಲ್ಲಬಾರದು. ಹಾಕಿದ ನೀರು ಮರದ ಹತ್ತಿರ ನಿಲ್ಲಬಾರದು.

ಕಲ್ಲಿನ ಹೊಸ್ತಿಲು ಹಾಕಿಬಿಡು ಎಂದು ಸುಮಾರು ಜನ ಹೇಳಿದರು. ನಮ್ಮ ಕಡೆ ಕಲ್ಲಿಗೇನು ಬರ ಇಲ್ಲ. ಅಮ್ಮ ಒಪ್ಪಲಿಲ್ಲ. "ಕಲ್ಲಿಗೆ ಅರಿಶಿನ ಹಚ್ಚಿದ್ರೆ ಹಿಡಿಯಲ್ಲ ಕಣೋ. ಮರದ್ದೇ ಮಾಡು. ಆದ್ರೆ ಒಂದು ರಾತ್ರಿನೂ ಹೊಸ್ಲಿಲ್ದೆ ಮನೆ ಬಿಡ್ಬೇಡ. ದೀಪ ಹಚ್ಚೋ ಹೊತ್ತಿಗೆ ಕೂತಿರ್ಬೇಕು" ಎಂದರು. ಧನುರ್ಮಾಸದಲ್ಲಿ ಮುಟ್ಟುವ ಹಾಗಿಲ್ಲ, ಮಂಗಳವಾರ ಶುಕ್ರವಾರ ಕೀಳುವ ಹಾಗಿಲ್ಲ. ನನಗೂ ಅದು ಅನುಕೂಲವೇ ಆಯಿತು. ಸಂಕ್ರಾಂತಿ ಆದ ಮೇಲಿನ ಎರಡು ತಿಂಗಳು ನಮ್ಮಲ್ಲಿ ಮರ ಚೆನ್ನಾಗಿ ಒಣಗಿರುವ ಕಾಲ. ನನಗೆ ಬಿಡುವು ಸಿಗುವುದು ಭಾನುವಾರ ಮಾತ್ರ. ಅಮ್ಮ ಪಂಚಾಂಗ ನೋಡಿ ಫೆಬ್ರವರಿ ಕೊನೆಯ ಒಂದು ಭಾನುವಾರ ಗುರುತು ಮಾಡಿಕೊಟ್ಟರು. ಅಲ್ಲಿಯವರೆಗೆ ಎಲ್ಲ ತಯಾರಿ ಹುಳದ ಮನೆಯಲ್ಲಿ.

ಹುಳದ ಮನೆ ಎಂದರೆ ನನ್ನ ಕೆಲಸದ ಜಾಗ. ಕೊಳವೆಬಾವಿ ಬತ್ತಿ ಹಿಪ್ಪುನೇರಳೆ ತೋಟ ಹೋದ ಮೇಲೆ ನಾವು ರೇಷ್ಮೆ ಬಿಟ್ಟೆವು. ಹುಳ ಸಾಕಿದ ಕೋಣೆ ಖಾಲಿ ಉಳಿಯಿತು. ಹುಳದ ತಟ್ಟೆ ಇಡುತ್ತಿದ್ದ ಸ್ಟ್ಯಾಂಡುಗಳಲ್ಲಿ ಈಗ ಹಲಗೆಗಳಿವೆ. ಗಾಳಿ ಆಡಲಿ ಎಂದು ಕಟ್ಟಿದ ಕೋಣೆ. ಮೇಲೆ ಕೆಳಗೆ ಗವಾಕ್ಷಿ ಇವೆ. ಮರ ಒಣಗಿಸಲು ಇದಕ್ಕಿಂತ ಒಳ್ಳೆ ಜಾಗ ನನಗೆ ಗೊತ್ತಿಲ್ಲ. ನಾಲ್ಕು ವರ್ಷದ ಹಿಂದೆ ಹೊಲದ ಬದುವಿನಲ್ಲಿ ಬಿದ್ದ ಬೇವಿನ ಮರವನ್ನು ಚಿಂತಾಮಣಿಯ ಸಾಮಿಲ್ಲಿನಲ್ಲಿ ಸೀಳಿಸಿ ತಂದು ಅದೇ ಸ್ಟ್ಯಾಂಡಿನಲ್ಲಿ ನಡುನಡುವೆ ಪಟ್ಟಿ ಕೊಟ್ಟು ಜೋಡಿಸಿದ್ದೆ. ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಎನ್ನುವುದು ಬಡಗಿಗಳ ಲೆಕ್ಕ. ಮೂರು ಇಂಚಿನ ತೊಲೆಗೆ ನಾಲ್ಕು ವರ್ಷ ಸಾಕಾಗಿತ್ತು.

ಬೇವು ಗಟ್ಟಿ, ಆದರೆ ಹಠಮಾರಿ. ಅದರ ಎಳೆ ಒಂದು ಪದರ ಈ ಕಡೆ, ಇನ್ನೊಂದು ಪದರ ಆ ಕಡೆ ವಾಲಿರುತ್ತದೆ. ತೋಪಡಾ ಒಂದು ಕಡೆ ರೇಷ್ಮೆಯ ಹಾಗೆ ಓಡಿದರೆ, ಅಂಗೈ ಅಗಲ ಮುಂದೆ ಹೋಗುವಷ್ಟರಲ್ಲಿ ಚಕ್ಕೆ ಕಿತ್ತುಕೊಂಡು ಬರುತ್ತದೆ. ಉಳಿಯನ್ನು ಮತ್ತೆ ಸಾಣೆ ಹಿಡಿದು, ಅಲಗು ಕಾಗದದಷ್ಟೇ ಹೊರಗೆ ಬಿಟ್ಟು, ತೋಪಡಾವನ್ನು ಓರೆಯಾಗಿ ಹಿಡಿದು ಎಳೆದೆ. ಹಾಗೆ ಮಾಡಿದರೆ ಕೀಳುವುದು ಬಹಳ ಕಮ್ಮಿ. ಹೊಸ್ತಿಲಿನ ನಾಲ್ಕು ಮುಖ ತೆಗೆಯಲು ಒಂದು ಇಡೀ ಭಾನುವಾರ ಹೋಯಿತು.

ಈಗ ಮುಖ್ಯ ವಿಷಯ, ಜೋಡಣೆ. ಕಂಬಗಳು ಗೋಡೆಯಲ್ಲಿ ನಿಂತಿವೆ. ಮೇಲೆ ಹಲಸಿನ ಮರ ಗುಂಡು ಹೊಡೆದರೂ ಅಲ್ಲಾಡದಷ್ಟು ಗಟ್ಟಿ ಇದೆ. ಅದನ್ನು ಕಿತ್ತು ಹೊಸ ವಾಡ ಹಾಕುವುದು ನನಗೆ ಅನ್ಯಾಯ ಅನ್ನಿಸಿತು. ಕೊಳೆತದ್ದು ಬಲಗಡೆ 14 ಇಂಚು, ಎಡಗಡೆ 5 ಇಂಚು ಮಾತ್ರ. ಆದರೆ ಹೊಸ್ತಿಲಿನ ಕುಳಿಗೆ ಕಂಬದ ನಾಲಗೆ ಇಳಿಸಿ ಸೇರಿಸಬೇಕಾದರೆ ಕಂಬ ಮೇಲಿಂದ ಇಳಿಯಬೇಕು. ನಿಂತ ಕಂಬ ಇಳಿಯುವುದಿಲ್ಲ. ಹಾಗಾಗಿ ಹೊಸ ಹೊಸ್ತಿಲಿಗೆ ಎರಡು ತುಂಡು ಕಾಲುಗಳನ್ನು ಹುಳದ ಮನೆಯಲ್ಲೇ ಕುಳಿ ಹೊಡೆದು ನಿಲ್ಲಿಸಿದೆ. ಕೈಯಿಲ್ಲದ ಬೆಂಚಿನ ಚೌಕಟ್ಟನ್ನು ತಲೆಕೆಳಗು ಮಾಡಿ ಇಟ್ಟ ಹಾಗೆ ಕಾಣುತ್ತಿತ್ತು. ಅದನ್ನು ಇಡಿಯಾಗಿ ಹೊರಗಿನಿಂದ ಒಳಕ್ಕೆ ತಳ್ಳಿ, ಹಳೇ ಕಂಬಕ್ಕೆ ಕಾಲುಗಳನ್ನು ಬೆಸೆಯುವುದು ಯೋಜನೆ.

ಕಂಬದ ಮುಖ ಮೂರು ಇಂಚು, ಆಳ ಐದು ಇಂಚು. ಆ ಆಳವನ್ನು ಅರ್ಧ ಮಾಡಿ, ಹಳೇ ಮರ ಒಳಗಿನ ಎರಡೂವರೆ ಇಂಚು, ಹೊಸ ಮರ ಹೊರಗಿನ ಎರಡೂವರೆ ಇಂಚು, ಹೀಗೆ ಒಂದರ ಮೇಲೊಂದು 10 ಇಂಚು ಉದ್ದಕ್ಕೆ ಅಪ್ಪಿಕೊಳ್ಳಬೇಕು. ಹೊರಗಡೆಯೇ ಕೊಳೆತ ಜಾಸ್ತಿ, ಹಾಗಾಗಿ ಹೊಸ ಮರ ಹೊರಗೆ. ಬಲಗಡೆ ಒಳಗಿನ ಕೊಯ್ತ ನೆಲದಿಂದ 17 ಇಂಚಿಗೆ, ಹೊರಗಿನದು 27 ಇಂಚಿಗೆ. ಕೊಳೆತ ನಿಂತ ಜಾಗದಿಂದ ಇನ್ನೂ ಮೂರು ಇಂಚು ಮೇಲಕ್ಕೆ ಹೋಗಿದ್ದೇನೆ. ಬೂಷ್ಟು ಕಣ್ಣಿಗೆ ಕಾಣುವುದಕ್ಕಿಂತ ಮುಂದೆ ಹಬ್ಬಿರುತ್ತದೆ.

ಹೊರಮುಖದಲ್ಲಿ ಕಾಣುವ ಅಡ್ಡ ಗೆರೆ ಮಟ್ಟಸವಾಗಿ ಇರಬಾರದು. ಕಂಬದ ಮೇಲೆ ಇಳಿದ ಮಳೆನೀರು ಆ ಗೆರೆಯಲ್ಲಿ ಒಳಗೆ ಹೀರುತ್ತದೆ. ಮರದ ಅಡ್ಡ ಕೊಯ್ದ ತುದಿ ಪಕ್ಕಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ನೀರು ಕುಡಿಯುತ್ತದೆ. ಅದಕ್ಕೇ ಕೊಯ್ತವನ್ನು ಒಳಗೆ ಎತ್ತರ, ಹೊರಗೆ ತಗ್ಗು ಮಾಡಿದೆ. ಎರಡೂವರೆ ಇಂಚಿಗೆ 11 ಮಿಲಿಮೀಟರ್ ಇಳಿಜಾರು.

ನಿಜವಾದ ಮರ ಕೊಯ್ಯುವ ಮುಂಚೆ ತುಂಡು ಮರದಲ್ಲಿ ಒಂದು ಮಾದರಿ ಮಾಡಿದ್ದು ಒಳ್ಳೆಯದಾಯಿತು. ಬೆಂಚಿನ ಮೇಲೆ ಹೊಸ ಕಾಲನ್ನು ಹೊರಗಿನಿಂದ ತಳ್ಳಿದೆ, ಹೋಗಲಿಲ್ಲ. ಒಳಗಿನ ಅಂಚು 11 ಮಿಲಿಮೀಟರ್ ಎತ್ತರ ಇದೆಯಲ್ಲ, ಅದು ಹಳೇ ಮರದ ತುಟಿಗೆ ಢಿಕ್ಕಿ ಹೊಡೆಯುತ್ತದೆ. ಇಳಿಜಾರು ಕೊಟ್ಟರೆ ನೇರವಾಗಿ ತಳ್ಳಲು ಆಗುವುದಿಲ್ಲ. ಅರ್ಧ ಗಂಟೆ ಸುಮ್ನೆ ನೋಡುತ್ತಾ ಕೂತೆ. ಆಮೇಲೆ ಹೊಳೆಯಿತು: ತಗ್ಗಿನಲ್ಲಿ ತಳ್ಳಿ, ಒಳಗೆ ಕೂತ ಮೇಲೆ ಮೇಲಕ್ಕೆ ಎತ್ತಬೇಕು. ಎತ್ತಿದ ಮೇಲೆ ಕೆಳಗೆ ಉಳಿದ ಸಂದಿಗೆ ಏನಾದರೂ ಕೊಡಬೇಕು. ಅಡುಗೆಮನೆ ಕಟ್ಟೆಗೆ ಹಾಕಿ ಮಿಕ್ಕ ಗ್ರಾನೈಟ್ ತುಂಡುಗಳು ಹಿತ್ತಲಲ್ಲಿ ಬಿದ್ದಿದ್ದವು. ದಪ್ಪ ಅಳೆದರೆ 18 ಮಿಲಿಮೀಟರ್. ಅಂದರೆ ಹೊಸ್ತಿಲನ್ನು 18 ಮಿಲಿಮೀಟರ್ ತಗ್ಗಿನಲ್ಲಿ ತಳ್ಳಿ, ಜಾಕ್ ಕೊಟ್ಟು ಎತ್ತಿ, ಎರಡು ಕಾಲಿನ ಕೆಳಗೆ ಮತ್ತು ನಡುವೆ ಮೂರು ಗ್ರಾನೈಟ್ ತುಂಡು ಇಟ್ಟರಾಯಿತು. ಅದರಿಂದ ಇನ್ನೊಂದು ಲಾಭ. ಹೊಸ್ತಿಲಿನ ಕೆಳಗೆ ಪೂರ್ತಿ ಗಾಳಿ ಆಡುವ ಜಾಗ ತಾನಾಗಿಯೇ ಸಿಕ್ಕಿತು. ನನಗೆ ಬೇಕಿದ್ದದ್ದೂ ಅದೇ.

ಗೆದ್ದಲಿಗೆ ಏನು ಹಾಕುವುದು ಎನ್ನುವುದು ನಮ್ಮೂರಲ್ಲಿ ಸುಲಭದ ಪ್ರಶ್ನೆ ಅಲ್ಲ. ಅಂಗಡಿಯಲ್ಲಿ ಕೇಳಿದರೆ ಕ್ಲೋರ್‌ಪೈರಿಫಾಸ್ ಎನ್ನುವ ಕೀಟನಾಶಕ ಕೊಡುತ್ತಾರೆ. ನಮ್ಮ ಗೋಡೆಗೆ ಅಂಟಿಕೊಂಡೇ ಚಿಕ್ಕಪ್ಪನ ಹುಳದ ಮನೆ ಇದೆ. ಅವರ ಹುಳ ಆಗ ಮೂರನೇ ಜ್ವರದಲ್ಲಿತ್ತು. ಜ್ವರ ಅಂದರೆ ಹುಳ ಸೊಪ್ಪು ಬಿಟ್ಟು ಪೊರೆ ಕಳಚುವ ಹೊತ್ತು. ರೇಷ್ಮೆ ಹುಳಕ್ಕೆ ಆ ಔಷಧಿಯ ಗಾಳಿ ತಗುಲಿದರೂ ಕಷ್ಟ, ಸೊಪ್ಪಿನ ಮೇಲೆ ಬಿದ್ದರಂತೂ ಮುಗಿಯಿತು. ನಮ್ಮ ಹೊಸ್ತಿಲಿಗೋಸ್ಕರ ಅವರ ಒಂದು ಬೆಳೆ ಹಾಳುಮಾಡುವ ಪ್ರಶ್ನೆಯೇ ಇಲ್ಲ. ಹಾಗಾಗಿ ಬೋರಾಕ್ಸ್ ಮತ್ತು ಬೋರಿಕ್ ಆಮ್ಲ ಆರಿಸಿಕೊಂಡೆ. ಇವು ಗಾಳಿಗೆ ಹಾರುವುದಿಲ್ಲ, ಮರದೊಳಗೆ ಇಳಿದು ಕೂರುತ್ತವೆ. ಆ ಮರ ತಿಂದ ಗೆದ್ದಲು ಸಾಯುತ್ತದೆ, ಬೂಷ್ಟೂ ಹಿಡಿಯುವುದಿಲ್ಲ. ಹತ್ತು ಲೀಟರ್ ಬಿಸಿನೀರಿಗೆ 300 ಗ್ರಾಂ ಬೋರಾಕ್ಸ್, 200 ಗ್ರಾಂ ಬೋರಿಕ್ ಆಮ್ಲ. ಗ್ಲೌಸ್ ಹಾಕಿಕೊಂಡು ಹೊಸ ಮರಕ್ಕೆಲ್ಲ ಮೂರು ಸಲ ಬಳಿದೆ. ಕೊಯ್ದ ತುದಿಗಳನ್ನು ಒಂದು ರಾತ್ರಿ ಅದೇ ನೀರಿನ ತಟ್ಟೆಯಲ್ಲಿ ನಿಲ್ಲಿಸಿದೆ. ಹಳೇ ಕಂಬಗಳಿಗೆ, ಕೊಯ್ಯಬೇಕಾದ ಗೆರೆಯ ಮೇಲ್ಗಡೆ, ಕೆಳಮುಖವಾಗಿ ಸಣ್ಣ ತೂತು ಕೊರೆದು ಸಿರಿಂಜಿನಲ್ಲಿ ಎರಡು ದಿನ ಕುಡಿಸಿದೆ. ಇದರ ಕುಂದು ಒಂದೇ: ನೀರು ಹರಿದರೆ ಕರಗಿ ಹೋಗುತ್ತದೆ. ಮರ ಪೂರ್ತಿ ಒಣಗಿದ ಮೇಲೆ ಎಣ್ಣೆ ಹಾಕಿ ಮುಚ್ಚಲೇಬೇಕು.

ಆ ಭಾನುವಾರ ಬೆಳಗ್ಗೆ ಆರಕ್ಕೆ ಅಮ್ಮ ಹಳೇ ಹೊಸ್ತಿಲಿಗೆ ಕೊನೆಯ ಸಲ ಅರಿಶಿನ ಹಚ್ಚಿ ಕೈಮುಗಿದರು. ನಾನು ಮತ್ತು ಚಿಕ್ಕಪ್ಪನ ಮಗ ಕದಗಳನ್ನು ಬಿಚ್ಚಿ ಗೋಡೆಗೆ ಒರಗಿಸಿದೆವು. ಬಾಗಿಲ ಮೇಲೆ ಗೋಡೆಯ ಭಾರ ಹೊತ್ತಿರುವುದು ಕಲ್ಲಿನ ತೊಲೆ, ವಾಡ ಅಲ್ಲ. ಅದನ್ನು ಹಿಂದಿನ ವಾರವೇ ಗಾರೆ ಕೆರೆದು ನೋಡಿ ಖಾತ್ರಿ ಮಾಡಿಕೊಂಡಿದ್ದೆ. ಇದು ಗೊತ್ತಿಲ್ಲದೆ ಯಾರೂ ಕಂಬಕ್ಕೆ ಗರಗಸ ಹಾಕಬಾರದು. ಆದರೂ ಎರಡು ಕಂಬಕ್ಕೂ ಒಳಗಿನಿಂದ ಒಂದು ಅಡ್ಡಪಟ್ಟಿ ಬಿಗಿದು, ಅದರ ಕೆಳಗೆ ಟ್ರ್ಯಾಕ್ಟರಿನ ಜಾಕ್ ಕೊಟ್ಟೆ.

ಹಳೇ ಹೊಸ್ತಿಲಿನ ಎರಡು ತುದಿ ನಾಲ್ಕಿಂಚು ಗೋಡೆಯೊಳಗೆ ಹೋಗಿತ್ತು. ಮೂರು ತುಂಡು ಮಾಡಿಯೇ ತೆಗೆಯಬೇಕಾಯಿತು. ಬಲಗಡೆಯ ತುಂಡು ಕೈಗೆ ಬರುವಾಗಲೇ ಪುಡಿಯಾಯಿತು. ಅದರಡಿ ಮಣ್ಣಿನ ಗೂಡು, ಅದರೊಳಗೆ ಇನ್ನೂ ಓಡಾಡುತ್ತಿದ್ದ ಗೆದ್ದಲು. ಹಸಿ ಮಣ್ಣನ್ನೆಲ್ಲ ಒಂದು ಅಡಿ ಆಳಕ್ಕೆ ಅಗೆದು ತೆಗೆದು, ಬುಟ್ಟಿಗಳಲ್ಲಿ ತಿಪ್ಪೆಗೆ ಹಾಕಿದೆವು. ಆ ಗುಂಡಿಗೆ ಜಲ್ಲಿಕಲ್ಲು ತುಂಬಿ ಮೇಲೆ ಚಪ್ಪಡಿ ಕೂರಿಸಿ ಮಟ್ಟ ನೋಡುವಷ್ಟರಲ್ಲಿ ಹತ್ತೂವರೆ.

ಕಂಬ ಕೊಯ್ಯುವುದು ಎಣಿಸಿದ್ದಕ್ಕಿಂತ ನಿಧಾನ. ಪಕ್ಕದಲ್ಲೇ ಗೋಡೆ, ಗರಗಸ ಪೂರ್ತಿ ಓಡುವುದಿಲ್ಲ. ಗರಗಸ ಹೋಗುವಷ್ಟು ಕೊಯ್ದು ಉಳಿದದ್ದನ್ನು ಉಳಿಯಿಂದ ತೆಗೆದೆ. ಹಳೇ ಹಲಸು ಒಳಗೆ ಜೇನಿನ ಬಣ್ಣಕ್ಕೆ ಬಂದಿತ್ತು. ಉಳಿ ಇಟ್ಟರೆ ಸದ್ದು ಘಣ್ ಎನ್ನುತ್ತಿತ್ತು. ಇಷ್ಟು ಒಳ್ಳೆಯ ಮರ ಉಳಿಯಿತಲ್ಲ ಎಂದು ಮನಸ್ಸು ತುಂಬಿಬಂತು. ಬಲ ಕಂಬದ ಬುಡ ಬಿಡಿಸಿದ ಮೇಲೆ ಜಾಕನ್ನು ಒಂದೊಂದೇ ಸುತ್ತು ಏರಿಸಿದೆ. ಜಗ್ಗಿದ್ದ ಕಂಬ 5 ಮಿಲಿಮೀಟರ್ ಮೇಲೆ ಹೋಗಿ, ತಲೆಯ ಮೇಲಿನ ಜೋಡಣೆಯಲ್ಲಿ ಬಿಟ್ಟಿದ್ದ ಸಂದು ಮುಚ್ಚಿಕೊಂಡಿತು. ಕದ ಉಜ್ಜಲು ಕಾರಣ ಅದೇ. ಎರಡು ಸಲ ಕದದ ಕಾಲು ಹೆರೆದದ್ದು ವ್ಯರ್ಥ.

ಎರಡು ಗಂಟೆಗೆ ಅಂಟಿಲ್ಲದೆ ಒಂದು ಸಲ ಕೂರಿಸಿ ನೋಡಿದೆವು. ಎಡಗಡೆ ಬಿಗಿಯಾಗಿ ಕೂತಿತು. ಬಲಗಡೆ ಒಳಗಿನ ಕೊಯ್ತದಲ್ಲಿ ಎರಡು ಮಿಲಿಮೀಟರ್ ಸಂದು. ಹೊರಗಿನ ಗೆರೆ ಮುಖ್ಯ, ಅದು ಸರಿಯಾಗಿತ್ತು. ಹಲಸಿನದೇ ತೆಳು ಚಕ್ಕೆ ಸೀಳಿ ಒಳಗಿನ ಸಂದಿಗೆ ಕೊಟ್ಟೆ.

ಆಮೇಲೆ ಅರಾಲ್ಡೈಟ್ ಅಂಟು. ಬೇಗ ಗಟ್ಟಿಯಾಗುವುದು ಬೇಡ, ನಿಧಾನದ್ದೇ ಬೇಕು. ಎರಡು ಟ್ಯೂಬಿನಿಂದ ಸಮ ಅಳತೆ ಕಲಸಿ, ಅದಕ್ಕೆ ಬೇವಿನ ಸಣ್ಣ ಪುಡಿ ಸೇರಿಸಿ ಎರಡೂ ಮುಖಕ್ಕೆ ಬಳಿದೆವು. ಚೌಕಟ್ಟನ್ನು ಒಳಕ್ಕೆ ತಳ್ಳಿ, ನಡುವೆ ಇನ್ನೊಂದು ಜಾಕ್ ಕೊಟ್ಟು ಎತ್ತಿದೆವು. ಗೆರೆಗಳು ಮುಚ್ಚಿ ಅಂಟು ಸಣ್ಣ ದಾರದ ಹಾಗೆ ಹೊರಬಂತು. ಮೂರು ಗ್ರಾನೈಟ್ ತುಂಡು ಒಳಗೆ ಸರಿದವು, ಜಾಕ್ ಇಳಿಯಿತು. ಪ್ರತಿ ಕಂಬಕ್ಕೂ ಎರಡು ತೂತು ಕೊರೆದು ಜಾಲಿ ಮರದ ಗೂಟ ಬಡಿದೆ. ಗಂಟೆ ಐದೂಕಾಲು. ಅಮ್ಮ ಆಗಲೇ ಮಾವಿನ ತೋರಣ ಹಿಡಿದು ನಿಂತಿದ್ದರು. ಹೊಸ ಮರಕ್ಕೆ ಅರಿಶಿನ ಹಚ್ಚಿ, ಎರಡು ಪಕ್ಕ ದೀಪ ಇಟ್ಟರು. "ಬೇವಲ್ವಾ, ಒಳ್ಳೇದು" ಎಂದಷ್ಟೇ ಹೇಳಿ ಒಳಗೆ ಹೋದರು. ಆ ರಾತ್ರಿ ಕದಗಳನ್ನು ಒರಗಿಸಿ, ಹಿಂದೆ ಮಂಚ ಹಾಕಿಕೊಂಡು ಮಲಗಿದೆ.

ಉಳಿದದ್ದು ಬೇಗ ಮುಗಿಯಿತು. ಮುಂದಿನ ಭಾನುವಾರ ಕದ ತೂಗುಹಾಕಿದೆವು, ಚಿಲಕ ಹಳೇ ತೂತಿಗೇ ಬಂತು. ಕಾಲು ಹೆರೆದ ಕದಕ್ಕೆ ಕೆಳಗೊಂದು ಪಟ್ಟಿ ಅಂಟಿಸಬೇಕಾಯಿತು. ಅಂಗಳದ ಸಿಮೆಂಟನ್ನು ಬಾಗಿಲಿಂದ ಏಳು ಅಡಿವರೆಗೂ ಒಡೆದು, ಚರಂಡಿ ಕಡೆ ಒಂದೂವರೆ ಇಂಚು ಇಳಿಜಾರು ಬರುವಂತೆ ಮತ್ತೆ ಹಾಕಿದೆವು. ಏಳು ದಿನ ಗೋಣಿಚೀಲ ಹೊದಿಸಿ ನೀರು ಹೊಡೆದೆ. ಈ ಸಲ ಸಿಮೆಂಟಿಗೂ ಮರಕ್ಕೂ ಒಂದು ಇಂಚು ಅಂತರ ಬಿಟ್ಟಿದ್ದೇನೆ. ಹೊಸ್ತಿಲಿನ ಮೇಲ್ಮುಖ ಹೊರಕ್ಕೆ 5 ಮಿಲಿಮೀಟರ್ ಇಳಿಜಾರು. ಮುಂದಿನ ಅಂಚಿನ ಅಡಿಯಲ್ಲಿ ಬೆರಳುಗುರಿನಷ್ಟು ಸಣ್ಣ ಕಾಲುವೆ ತೋಡಿದ್ದೇನೆ. ಅಂಚಿಂದ ಇಳಿದ ನೀರು ಮರದ ಅಡಿಗೆ ನುಸುಳದೆ ಆ ಕಾಲುವೆಯ ಹತ್ತಿರವೇ ತೊಟ್ಟಿಕ್ಕಿ ಬೀಳುತ್ತದೆ.

ಮರ ಎರಡು ವಾರ ಒಣಗಿದ ಮೇಲೆ ಅಗಸೆ ಎಣ್ಣೆ ಮೂರು ಸಲ ಹಚ್ಚಿದೆ. ಹಚ್ಚಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ, ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಹುದು. ತಂತಿಯ ಮೇಲೆ ಹರಡಿ ಒಣಗಿಸಿ.

ಹೊಸ್ತಿಲ ಅಡಿಯ ಸಂದು ನೋಡಿ ಅಮ್ಮನಿಗೆ ಚೇಳಿನ ಭಯ. ಅದು ನ್ಯಾಯವೇ. ಒಳಗಡೆ ಕಲ್ಲಿನ ಪಟ್ಟಿಯಿಂದ ಮುಚ್ಚಿದೆ. ಹೊರಗಡೆಗೆ, ರೇಷ್ಮೆ ಹುಳ ಕೊಲ್ಲುವ ಊಜಿ ನೊಣ ಬಾರದಂತೆ ಹುಳದ ಮನೆ ಕಿಟಕಿಗೆ ಕಟ್ಟುತ್ತಿದ್ದ ಬಲೆ ಮಿಕ್ಕಿತ್ತು. ಅದನ್ನು ಎರಡು ಮಡಿಕೆ ಮಾಡಿ ತೆಳು ಪಟ್ಟಿಯಲ್ಲಿ ಸ್ಕ್ರೂ ಹಾಕಿ ಕೂರಿಸಿದೆ. ಬೇಕಾದಾಗ ಬಿಚ್ಚಬಹುದು.

ಹಳೇ ಹೊಸ್ತಿಲಿನ ನಡು ಭಾಗದಲ್ಲಿ ಮೇಲಿನ ಒಂದು ಇಂಚು ಗಟ್ಟಿಯಾಗಿ ಉಳಿದಿತ್ತು. ಕಾಲು ತುಳಿದು ತುಳಿದು ಬಟ್ಟಲಿನ ಹಾಗೆ ಸವೆದ ಜಾಗ. ಒಲೆಗೆ ಹಾಕಬೇಡ ಎಂದು ಅಮ್ಮ ಹೇಳಿದ್ದರು. ಅಡಿಯ ಹುಳುಕನ್ನು ಹೆರೆದು ತೆಗೆದು, ಎರಡು ಅಡ್ಡಪಟ್ಟಿ ಕೊಟ್ಟು ಮಣೆ ಮಾಡಿದೆ. ಸವೆದ ಗುಂಡಿಯನ್ನು ಮಟ್ಟ ಮಾಡಲಿಲ್ಲ.

ಭರಣಿ ಮಳೆ ಒಂದು ಸಂಜೆ ಗಾಳಿ ಸಮೇತ ಬಾಗಿಲಿಗೇ ಹೊಡೆಯಿತು. ಅರ್ಧ ಗಂಟೆ ಟಾರ್ಚ್ ಹಿಡಿದು ಕೂತು ನೋಡಿದೆ. ಕಂಬದ ಮೇಲೆ ಇಳಿದ ನೀರು ಜೋಡಣೆಯ ಗೆರೆ ದಾಟಿ ಕೆಳಗೆ ಹೋಯಿತು, ಒಳಗೆ ತಿರುಗಲಿಲ್ಲ. ಹೊಸ್ತಿಲ ಅಂಚಿನಿಂದ ಹನಿಗಳು ಸಾಲಾಗಿ ಬಿದ್ದು ಚರಂಡಿ ಕಡೆ ಹರಿದವು. ಬೆಳಗ್ಗೆ ಬಲೆ ಬಿಚ್ಚಿ ಕೈ ಹಾಕಿದರೆ ಗ್ರಾನೈಟ್ ತಣ್ಣಗಿತ್ತು, ಮರದ ಅಡಿ ಒಣಗಿತ್ತು. ಎಡಗಡೆ ತುಂಡಿನ ಹತ್ತಿರ ಮಾತ್ರ ಗಾಳಿಗೆ ಬಂದ ಕಸ ಸೇರಿತ್ತು. ಪೊರಕೆ ಕಡ್ಡಿಯಿಂದ ಅದನ್ನು ಎಳೆದು ತೆಗೆದು ಬಲೆ ಮತ್ತೆ ಹಾಕಿದೆ. ಅಷ್ಟರಲ್ಲಿ ಅಮ್ಮ ಹೊಸ್ತಿಲು ತೊಳೆಯಲು ಚೊಂಬು ಹಿಡಿದು ಬಂದರು.